ಗೋಡೆಯ ಬೆವರು

ಸಾಹಿತ್ಯದ ಪತ್ರಿಕೆಯಲ್ಲಿ ಗೋಡೆಯ ಕಥೆ ಯಾಕಪ್ಪಾ ಎಂದು ನೀವು ಕೇಳಬಹುದು. ಕಾರಣವಿದೆ. ಆ ಗೋಡೆಗೆ ಒತ್ತಿಕೊಂಡು ನಿಂತಿದ್ದುದು ನಮ್ಮ ಅಪ್ಪನ ಪುಸ್ತಕದ ಕಪಾಟು. ತೀರ್ಥಹಳ್ಳಿ ಕಡೆಯಿಂದ ಡೊಂಬಿವಲಿಗೆ ಬರುವಾಗ ಅವರು ಹೊತ್ತು ತಂದ ಆಸ್ತಿ ಎಂದರೆ ಅದೊಂದೇ. ಕಳೆದ ವರ್ಷ ಆಷಾಢದಲ್ಲಿ ಒಂದು ದಿನ ಅದರ ಬಾಗಿಲು ತೆಗೆದರೆ ಗಪ್ಪೆಂದು ಮುಗ್ಗಲು ವಾಸನೆ. ಕೆಳಸಾಲಿನ ಪುಸ್ತಕಗಳ ಮೇಲೆ ಬೂದಿ ಎರಚಿದ ಹಾಗೆ ಬೂಷ್ಟು. ಕಪಾಟನ್ನು ಈಚೆಗೆ ಎಳೆದು ನೋಡಿದರೆ ಹಿಂದಿನ ಗೋಡೆ ತಣ್ಣಗೆ, ಜಿಗುಟಾಗಿ, ಕಪ್ಪು ಚುಕ್ಕೆ ತುಂಬಿಕೊಂಡು ಕೂತಿದೆ.

"ಮೇಲಿನ ಮನೆಯವರ ಬಾತ್‌ರೂಮು ಸೋರ್ತಾ ಇದೆ," ಎಂದು ಅಮ್ಮ ಅಲ್ಲೇ ತೀರ್ಪು ಕೊಟ್ಟಳು. ಸೊಸೈಟಿಗೆ ಅರ್ಜಿ ಹೋಯಿತು. ಮೇಲಿನ ಮನೆಯ ಕಾಕೂ ನಮ್ಮೊಡನೆ ಮಾತು ಬಿಟ್ಟರು. ಗುತ್ತಿಗೆದಾರನೊಬ್ಬ ಬಂದು, ನೀರು ತಡೆಯುವ ಬಣ್ಣ ಬಳಿದು, ದುಡ್ಡು ಎಣಿಸಿಕೊಂಡು ಹೋದ. ಹದಿನೈದೇ ದಿನದಲ್ಲಿ ಹೊಸ ಬಣ್ಣದ ಮೇಲೂ ಅವೇ ಚುಕ್ಕೆಗಳು!

ಆಮೇಲೆ ನಾನು ವಿಚಾರ ಮಾಡಲು ಕೂತೆ. ಗೋಡೆಯ ಮೇಲೆ ಕಾಣುವ ನೀರಿಗೆ ಎರಡು ದಾರಿ. ಒಂದು, ಗೋಡೆಯ ಒಳಗಿನಿಂದ: ಒಡೆದ ನಳ, ಬಿರುಕು, ನೆಲದಿಂದ ಹೀರಿದ ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣ, ಡೊಂಬಿವಲಿಯ ತಗ್ಗಿನ ಮನೆಗಳಿಗೂ ನೀರು ನುಗ್ಗಿತ್ತು. ನೀರು ಕುಡಿದ ಅಂಥ ಗೋಡೆ ಒಣಗುತ್ತಾ ಒಣಗುತ್ತಾ ಬಿಳಿ ಉಪ್ಪಿನ ಪುಡಿ ಉದುರಿಸುತ್ತದೆ. ಇನ್ನೊಂದು ದಾರಿ ಗಾಳಿಯದು.

ಯಾವ ದಾರಿ ಎಂದು ತಿಳಿಯಲು ಎಂಜಿನಿಯರ್ ಬೇಕಿಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕೂತರೆ ಗೋಡೆಯ ತಪ್ಪು. ಮುಂದೆ ಕೂತರೆ ಗಾಳಿಯದು. ನಮ್ಮಲ್ಲಿ ಹಿಂದೆ ಒಣ, ಮುಂದೆ ಹನಿ. ಮೇಲಿನ ಕಾಕೂ ನಿರಪರಾಧಿ.

ಗಾಳಿ ಬೆಚ್ಚಗಾದಷ್ಟೂ ಹೆಚ್ಚು ಆವಿ ಹೊರಬಲ್ಲದು. 30 ಡಿಗ್ರಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ. 20 ಡಿಗ್ರಿಗೆ ಇಳಿದರೆ 17 ಗ್ರಾಂ ಅಷ್ಟೆ. ಮಿಕ್ಕದ್ದು ತಣ್ಣಗಿರುವ ವಸ್ತುವಿನ ಮೈಮೇಲೆ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವುದಿಲ್ಲವೇ, ಹಾಗೆ. ಜುಲೈ ತಿಂಗಳಲ್ಲಿ ನಮ್ಮ ಗಾಳಿಯ ತೇವ ನೂರಕ್ಕೆ 85ರ ಆಸುಪಾಸು. ಕೋಣೆ 28 ಡಿಗ್ರಿ ಇದ್ದರೆ, 25ಕ್ಕಿಂತ ತಣ್ಣಗಿರುವ ಯಾವ ಗೋಡೆಯೂ ಬೆವರುತ್ತದೆ. ಬೂಷ್ಟಿಗೆ ಹನಿಯೂ ಬೇಡ. ಗೋಡೆಯ ಮೈಬಳಿ ನೂರಕ್ಕೆ 80 ತೇವ ದಿನಗಟ್ಟಲೆ ನಿಂತರೆ ಸಾಕು. (ಅಳೆಯುವ ಯಂತ್ರ ಇಲ್ಲದವರು ಅಡಿಗೆಮನೆಯ ಉಪ್ಪು ನೋಡಿ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ನೀರೊಡೆಯುತ್ತದೆ.)

ಆದರೆ ಡೊಂಬಿವಲಿಯಲ್ಲಿ ಒಳಗೋಡೆ ತಣ್ಣಗಾಗುವುದು ಹೇಗೆ? ಉತ್ತರ ಪಕ್ಕದ ಮನೆಯಲ್ಲಿತ್ತು. ಅವರು ಹೊಸದಾಗಿ ಎ.ಸಿ. ಹಾಕಿಸಿ ರಾತ್ರಿಯಿಡೀ 18ಕ್ಕೆ ಇಡುತ್ತಿದ್ದರು. ನಡುವಿನದು ಅರ್ಧ ಇಟ್ಟಿಗೆಯ ಗೋಡೆ. ಈಚೆ ಕಪಾಟು ಒತ್ತಿ ನಿಂತದ್ದರಿಂದ ನಮ್ಮ ಕೋಣೆಯ ಬೆಚ್ಚನೆ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ.

ತೀರ್ಥಹಳ್ಳಿಯ ಮನೆಯಲ್ಲಿ ಇದಕ್ಕಿಂತ ದೊಡ್ಡ ಮಳೆ. "ಹೊಗೆ ಇಲ್ದ ಮನೆ ಕೊಳೀತದೆ," ಅಂತಿದ್ದರು ಅಜ್ಜಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಯಾವುದೂ ಕೆಡುತ್ತಿರಲಿಲ್ಲ. 25 ಡಿಗ್ರಿಯಲ್ಲಿ ನೂರಕ್ಕೆ 90 ತೇವವಿದ್ದ ಗಾಳಿಯನ್ನು 30ಕ್ಕೆ ಕಾಯಿಸಿದರೆ ಅದು 67ಕ್ಕೆ ಇಳಿಯುತ್ತದೆ, ಒಂದು ಹನಿ ನೀರನ್ನೂ ಹೊರಹಾಕದೆ. ಹಳಬರು ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸುತ್ತಿದ್ದುದರ ಗುಟ್ಟೂ ಇದೇ. ಈಗಿನ ಎಲ್.ಇ.ಡಿ.ಗೆ ಆ ಕಾವಿಲ್ಲ. ಹಳೇ ಬಲ್ಬನ್ನು ಕಾಗದದ ಪಕ್ಕ ಉರಿಸುವುದು ಬೆಂಕಿಗೆ ಆಹ್ವಾನ, ಬೇಡ.

ಮಳೆ ಹೊಯ್ಯುವಾಗ ಕಿಟಕಿ ತೆರೆದಿಟ್ಟರೆ ಮನೆ ಒಣಗುತ್ತದೆ ಎಂಬುದು ಅರ್ಧ ಸತ್ಯ. ನಾವೇ ಸೇರಿಸಿದ ಆವಿ ಹೊರಗೆ ಹೋಗುತ್ತದೆ, ಹೊರಗಿನ ಗಾಳಿಗಿಂತ ಒಣಗುವುದು ಮಾತ್ರ ಸಾಧ್ಯವಿಲ್ಲ. ನಾವು ಸೇರಿಸುವುದೇನು ಕಡಿಮೆಯೇ? ಹಾಲಿನಲ್ಲಿ ಹಗ್ಗ ಕಟ್ಟಿ ಒಂದು ಸಲದ ಬಟ್ಟೆ ಒಣಹಾಕಿದರೆ ಒಂದೆರಡು ಲೀಟರ್ ನೀರು ಮನೆಯೊಳಗೇ ಆವಿಯಾಯಿತೆಂದು ತಿಳಿಯಿರಿ. ಈಗ ನಮ್ಮ ಬಟ್ಟೆ ಬಾಲ್ಕನಿಯಲ್ಲಿ, ಒಣಗಿದಷ್ಟು ಒಣಗಲಿ. ಅನ್ನ ಬೇಯುವಾಗ ಪಾತ್ರೆಗೆ ಮುಚ್ಚಳ, ಮೇಲೆ ಎಕ್ಸಾಸ್ಟ್ ಫ್ಯಾನು. ತೇವ ಹೀರುವ ಪೊಟ್ಟಣಗಳು ಮುಚ್ಚಿದ ಡಬ್ಬಿಗೆ ಸರಿ, ತೆರೆದ ಕೋಣೆಯಲ್ಲಿ ದಂಡ. ನುಸಿಗುಳಿಗೆ ವಾಸನೆ ಕೊಡುತ್ತದೆ, ನೀರು ಹೀರುವುದಿಲ್ಲ. ಡಿಹ್ಯುಮಿಡಿಫೈಯರ್ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಕಿಟಕಿ ಮುಚ್ಚಿರಬೇಕು, ಕೋಣೆಯೂ ಬಿಸಿಯಾಗುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ನಾವು ಕೊಳ್ಳಲಿಲ್ಲ.

ಕಪಾಟನ್ನು ಎದುರುಗೋಡೆಗೆ, ಒಂದು ಗೇಣು ದೂರಕ್ಕೆ ಸರಿಸಿದೆವು. ಗೋಡೆಯನ್ನು ಸೋಪಿನ ನೀರಿನಿಂದ ಒರೆಸಿ ಫ್ಯಾನು ತಿರುಗಿಸಿ ಬಿಟ್ಟೆವು. ಪುಸ್ತಕಗಳನ್ನು ಮಳೆಯಿಲ್ಲದ ದಿನ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಕೊಡವಿದೆ. ಸುಡುಬಿಸಿಲಿಗೆ ಹಾಕಲಿಲ್ಲ, ಕಾಗದ ಮುರುಟುತ್ತದೆ. ಪಕ್ಕದವರು ನಕ್ಕುಬಿಟ್ಟು ಎ.ಸಿ.ಯನ್ನು 26ಕ್ಕೆ ಏರಿಸಲು ಒಪ್ಪಿದರು. ಕಷ್ಟದ್ದು ಮೇಲಿನ ಮನೆಯ ಮೆಟ್ಟಿಲು. ಅಮ್ಮ ಒಂದು ಡಬ್ಬಿ ಚಕ್ಕುಲಿ ಹಿಡಿದು ತಾನೇ ಹತ್ತಿದಳು, ಅರ್ಧ ಗಂಟೆ ಕೆಳಗಿಳಿಯಲಿಲ್ಲ.

ಈ ಮಳೆಗಾಲವೂ ಉಪ್ಪು ನೀರೊಡೆಯಿತು. ಗೋಡೆಯಲ್ಲಿ ಚುಕ್ಕೆ ಬಂದಿಲ್ಲ. ತೀರಾ ಕೆಟ್ಟಿದ್ದ ಮೂರು ಪುಸ್ತಕಗಳನ್ನು ಎಸೆಯಲು ಅಪ್ಪ ಬಿಡಲಿಲ್ಲ. ಕಾಗದದ ಚೀಲದಲ್ಲಿ ಸುತ್ತಿ, ಉಳಿದವಕ್ಕೆ ತಾಗದ ಹಾಗೆ, ಬೇರೆ ಇಟ್ಟಿದ್ದಾರೆ.