ನಾಲಗೆ ಹೊರಳದವನೆಲ್ಲ ದಡ್ಡನೇ?

ಬಿಹಾರದ ಒಂದೇ ಊರಿಂದ ಬಂದ ಇಬ್ಬರು ಹುಡುಗರು ಒಂದೇ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು ಅಂತಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಒಬ್ಬ 'ಏನ್ ಕೊಡ್ಲಿ ಸಾರ್, ಇಡ್ಲಿ ಬಿಸಿ ಇದೆ' ಅಂತ ಅರಳು ಹುರಿದಂತೆ ಮಾತಾಡುತ್ತಾನೆ. ಇನ್ನೊಬ್ಬ 'ನೀರು' ದಾಟಿ ಮುಂದಕ್ಕೆ ಹೋಗಿಲ್ಲ. ಗಲ್ಲಾದಲ್ಲಿ ಕೂತ ಯಜಮಾನರ ತೀರ್ಪು ಸಿದ್ಧ: "ಅವನು ಚುರುಕು, ಇವನು ದಡ್ಡ."

ಅವಸರದ ತೀರ್ಪು ಸ್ವಾಮಿ!

ಇಂಥ ವ್ಯತ್ಯಾಸವನ್ನು ಪರೀಕ್ಷೆ ಮಾಡಿಯೇ ಅಳೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಕ್ಯಾರಲ್. ಸ್ಟ್ಯಾನ್ಲಿ ಸೇಪನ್ ಜತೆ ಸೇರಿ ಅವರು 1959ರಲ್ಲಿ ಒಂದು ಪರೀಕ್ಷೆ ಹೊರತಂದರು. ಲೋಕದಲ್ಲೇ ಇಲ್ಲದ ಭಾಷೆಯೊಂದರ ಅಂಕಿಗಳನ್ನು ಕೇಳಿಸಿ, ಕಲಿತದ್ದೆಷ್ಟು ಅಂತ ನೋಡುವುದು ಅದರ ಒಂದು ಭಾಗ.

ಕ್ಯಾರಲ್ ಪ್ರಕಾರ ಭಾಷೆ ಹಿಡಿಯುವ ಶಕ್ತಿ ಒಂದಲ್ಲ, ನಾಲ್ಕು. ಹೊಸ ಸದ್ದನ್ನು ಗುರುತಿಸಿ ನೆನಪಿನಲ್ಲಿ ಉಳಿಸಿಕೊಳ್ಳುವುದು ಒಂದು. ವಾಕ್ಯದಲ್ಲಿ ಯಾವ ಪದ ಯಾವ ಕೆಲಸ ಮಾಡುತ್ತದೆಂದು ತಿಳಿಯುವುದು ಎರಡು. ಪದಕ್ಕೂ ಅರ್ಥಕ್ಕೂ ಗಂಟು ಹಾಕಿ ಬಾಯಿಪಾಠ ಮಾಡುವುದು ಮೂರು. ಕೇಳಿದ ಮಾತಿನಿಂದಲೇ ನಿಯಮ ಊಹಿಸುವುದು ನಾಲ್ಕು. 'ಓಡಿದೆ, ಆಡಿದೆ' ಕೇಳಿದವನು ತಾನಾಗಿಯೇ 'ಹಾಡಿದೆ' ಅಂದಹಾಗೆ. ಒಂದರಲ್ಲಿ ಹುಲಿಯಾದವನು ಇನ್ನೊಂದರಲ್ಲಿ ಇಲಿಯಾಗಬಹುದು!

1963ರಲ್ಲಿ ಕ್ಯಾರಲ್ ಇನ್ನೂ ದೊಡ್ಡ ಮಾತು ಹೇಳಿದರು. ಕಲಿಯುವ ಶಕ್ತಿ ಅಂದರೆ ಕಲಿಯಲು ಬೇಕಾಗುವ ಸಮಯ ಅಷ್ಟೆ. ಒಬ್ಬನಿಗೆ ಆರು ತಿಂಗಳು, ಇನ್ನೊಬ್ಬನಿಗೆ ಎರಡು ವರ್ಷ.

ಕಲಿಸುವ ರೀತಿಗೂ ಲೆಕ್ಕವುಂಟು. ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಆಡಳಿತ ಭಾಷೆ. ಅಲ್ಲಿನ ಸರಕಾರಿ ನೌಕರರಿಗೆ ಫ್ರೆಂಚ್ ಪಾಠ ನಡೆಯುತ್ತಿತ್ತು. ಪರೀಕ್ಷೆಯಲ್ಲಿ ಯಾರ ತಲೆ ಯಾವ ಕಡೆ ವಾಲುತ್ತದೆಂದು ನೋಡಿ, ಅದಕ್ಕೆ ಒಪ್ಪುವ ಕ್ಲಾಸಿಗೆ ಕಳಿಸಿದರು. ವ್ಯಾಕರಣ ಬಿಡಿಸಿ ನೋಡುವವರಿಗೆ ಅಂಥದೇ ಪಾಠ. ಒಪ್ಪುವ ಕ್ಲಾಸಿನಲ್ಲಿ ಕೂತವರು ಒಪ್ಪದ ಕ್ಲಾಸಿನವರಿಗಿಂತ ಚೆನ್ನಾಗಿ ಕಲಿತರು, ಹೆದರಿಕೆಯೂ ಕಡಿಮೆಯಾಯಿತು ಅಂತ 1981ರಲ್ಲಿ ಸಂಶೋಧಕಿ ಮಾರ್ಜೊರಿ ವೆಶ್ ಬರೆದರು.

ನಮ್ಮಲ್ಲೋ? ಅರವತ್ತು ಮಕ್ಕಳಿಗೆ ಒಂದೇ ಪಾಠ, ಒಂದೇ ಬೆತ್ತ. ಇಂಗ್ಲಿಷಿನಲ್ಲಿ ನಪಾಸಾದವನಿಗೆ 'ವಿದ್ಯೆ ತಲೆಗೆ ಹತ್ತೋಲ್ಲ' ಅಂತ ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸುವ ಅಪ್ಪಂದಿರು ಇಂದಿಗೂ ಉಂಟು. ಅವನ ಕಿವಿ ಸೋತಿತೋ, ನೆನಪು ಸೋತಿತೋ ಕೇಳಿದವರಿಲ್ಲ.

ಆ 'ನೀರು' ಹುಡುಗನಿಗೆ ಪದಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಟ್ಟು ನೋಡಿ, ಯಜಮಾನರೇ. ಇನ್ನಾರು ತಿಂಗಳು ಕಾಯಿರಿ. ಬೈಗುಳ ಮಾತ್ರ ಬೇಡ. ಕನ್ನಡದಲ್ಲಿ ಅವನು ಮೊದಲು ಕಲಿಯೋದು ಅದೇ ಆದೀತು!