ಟ್ರ್ಯಾಕ್ಟರಿನ ಪಾರ್ಕಿಂಗ್ ಬ್ರೇಕ್ ಜಾರಿದರೆ

2023ರ ಮಾರ್ಚಿಯಲ್ಲಿ ನಮ್ಮ ತೋಟದ ಕೆರೆಯ ಮೇಲಿನ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಪಿ.ಟಿ.ಓ.ಗೆ ಪಂಪು ಜೋಡಿಸಿ, ಕಾಫಿಗೆ ತುಂತುರು ನೀರು ಹಾಯಿಸುತ್ತಿದ್ದೆವು. ಪಾರ್ಕಿಂಗ್ ಬ್ರೇಕ್ ಹಾಕಿಯೇ ಇತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಟ್ರ್ಯಾಕ್ಟರ್ ಮೆಲ್ಲನೆ ಕೆರೆಯತ್ತ ಸರಿಯತೊಡಗಿತು. ಕೆಳಗೆ ಫುಟ್‌ವಾಲ್ವ್ ನೋಡುತ್ತಿದ್ದ ಆಳು ಪಕ್ಕಕ್ಕೆ ನೆಗೆದಿದ್ದರಿಂದ ಉಳಿದ. ಪೈಪು ಮುರಿಯಿತು, ನಾಲ್ಕು ಗಿಡ ಹೋದವು. ತಪ್ಪು ನನ್ನದೇ. ಬ್ರೇಕ್ ಸಡಿಲವಾಗಿದ್ದುದು ಒಂದು ತಿಂಗಳಿಂದ ಗೊತ್ತಿತ್ತು.

ನಿಂತಲ್ಲೇ ಪಂಪು ಅಥವಾ ಸ್ಪ್ರೇಯರ್ ನಡೆಸುವಾಗ ಗೇರು ನ್ಯೂಟ್ರಲ್‌ನಲ್ಲಿರುತ್ತದೆ. ಆಗ ಗಾಡಿಯನ್ನು ಹಿಡಿಯುವುದು ಬ್ರೇಕ್ ಒಂದೇ ಎಂಬುದನ್ನು ಸದಸ್ಯರು ಮರೆಯಬಾರದು.

ಅನೇಕ ಟ್ರ್ಯಾಕ್ಟರುಗಳಲ್ಲಿ ಪಾರ್ಕಿಂಗ್ ಬ್ರೇಕ್ ಎಂಬುದು ಬೇರೆಯೇ ಬ್ರೇಕಲ್ಲ. ಒತ್ತಿದ ಕಾಲು ಬ್ರೇಕು ಮೇಲೆ ಬಾರದಂತೆ ಒಂದು ಕೊಕ್ಕೆ ಹಲ್ಲುಪಟ್ಟಿಗೆ ಸಿಕ್ಕಿ ತಡೆಯುತ್ತದೆ, ಅಷ್ಟೇ. ಆದ್ದರಿಂದ ಲಿವರನ್ನು ಬಲವಾಗಿ ಎಳೆಯುವುದು ಪರಿಹಾರವಲ್ಲ. ಸಮತಟ್ಟಾದ ನೆಲದಲ್ಲಿ ಎಂಜಿನ್ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಬೆಣೆ ಕೊಟ್ಟು, ಈ ಕ್ರಮದಲ್ಲಿ ನೋಡಬೇಕು:

1. ಎಡ ಬಲ ಪೆಡಲುಗಳನ್ನು ಕೂಡಿಸುವ ಚಿಲಕ. ಅದು ಬಿಟ್ಟಿದ್ದರೆ ಒಂದೇ ಚಕ್ರ ಹಿಡಿಯುತ್ತದೆ. ಇನ್ನೊಂದು ಉರುಳಿ ಗಾಡಿ ಓರೆಯಾಗಿ ಜಾರುತ್ತದೆ.

2. ಪೆಡಲಿನ ಬಿಡುವು. ಚಿಲಕ ತೆಗೆದು ಒಂದೊಂದನ್ನೂ ಕೈಯಲ್ಲಿ ಒತ್ತಿ ಅಳೆಯಿರಿ. ಕಂಪನಿಯ ಕೈಪಿಡಿಯಲ್ಲಿರುವ ಅಳತೆಗಿಂತ ಹೆಚ್ಚಿದ್ದರೆ ಲಾಕ್‌ನಟ್ ಸಡಿಲಿಸಿ, ಎಳೆಕಂಬಿಯ ನಟ್ ತಿರುಗಿಸಿ, ಎರಡೂ ಕಡೆ ಸಮ ಮಾಡಿ. ಬಳಿಕ ಹಿಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ದಿಮ್ಮಿ ಕೊಟ್ಟು, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ ನೋಡಿ. ಬ್ರೇಕ್ ಉಜ್ಜಬಾರದು.

3. ಕೊಕ್ಕೆ, ಹಲ್ಲು, ಸ್ಪ್ರಿಂಗು. ಎಂಜಿನಿನ ನಡುಕಕ್ಕೆ ಸವೆದ ಹಲ್ಲು ಕೊಕ್ಕೆಯನ್ನು ಬಿಟ್ಟುಬಿಡುತ್ತದೆ. ಅರದಿಂದ ಉಜ್ಜಿ ಹರಿತ ಮಾಡುವುದು ಬೇಡ, ಹೊಸದು ಹಾಕಿಸಿ. ಕೇಬಲ್ ಇರುವ ಗಾಡಿಯಲ್ಲಿ ಅದು ಹಿಗ್ಗಿದೆಯೇ, ತುಕ್ಕು ಹಿಡಿದಿದೆಯೇ ನೋಡಿ.

4. ಇಷ್ಟಾದರೂ ಜಾರಿದರೆ ದೋಷ ಒಳಗಿದೆ. ಒಣ ಡಿಸ್ಕಿನ ಬ್ರೇಕಾದರೆ ಲೈನಿಂಗ್ ಸವೆದಿರಬಹುದು, ಇಲ್ಲವೇ ಸೀಲ್ ಸೋರಿ ಎಣ್ಣೆ ಹತ್ತಿರಬಹುದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸವಿದೆ, ನಾನೂ ಮಾಡಿದ್ದೇನೆ. ಅದು ನಿಲ್ಲುವುದಿಲ್ಲ. ಸೀಲನ್ನೂ ಎರಡೂ ಕಡೆಯ ಲೈನಿಂಗನ್ನೂ ಬದಲಿಸಬೇಕು. ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಾದರೆ ಕೈಪಿಡಿ ಹೇಳಿದ ಎಣ್ಣೆಯನ್ನೇ ಬಳಸಿ. ಬಿಚ್ಚುವ ಕೆಲಸ ವರ್ಕ್‌ಶಾಪಿನದು.

ದುರಸ್ತಿಯಾದ ಮೇಲೆ ಟ್ರೈಲರ್ ಇಲ್ಲದೆ ಸಣ್ಣ ಇಳಿಜಾರಿನಲ್ಲಿ ಪರೀಕ್ಷಿಸಿ. ಕೆಳಗಡೆ ಯಾರೂ ನಿಲ್ಲಬಾರದು.

ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಎಂಜಿನ್ ನಿಲ್ಲಿಸಿದಾಗ ಗೇರಿನಲ್ಲಿಡಿ. ಪಂಪು ನಡೆಯುವಾಗ ಹಿಂದಿನ ಚಕ್ರಗಳಿಗೆ, ಟ್ರೈಲರ್ ಇದ್ದರೆ ಅದಕ್ಕೂ, ಇಳುಕಲಿನ ಕಡೆಯಿಂದ ಬೆಣೆ ಕೊಡಿ. ಹಲಸಿನ ಮರದ ಎರಡು ಬೆಣೆ ಈಗ ನಮ್ಮ ಟ್ರ್ಯಾಕ್ಟರಿನಲ್ಲೇ ಇರುತ್ತವೆ. ಅವಕ್ಕೆ ತಗಲಿದ ಖರ್ಚು ಬಡಗಿಯ ಅರ್ಧ ಗಂಟೆಯ ಕೆಲಸ ಮಾತ್ರ.

– ಕಾರ್ಯದರ್ಶಿ