ಇಂಗ್ಲಿಷ್‌ನಲ್ಲಿ ಸಿಟ್ಟು ಮಾಡ್ಕೊಳ್ಳೋದು ಹೇಗೆ?

ಮಲಾಡ್‌ನಿಂದ ಮಾತಾಡ್ತಾ ಇದ್ದೀನಿ. ವಿಡಿಯೋ ನೋಡೋಕೆ ಪುರಸೊತ್ತಿಲ್ಲದೆ ಲೋಕಲ್‌ನಲ್ಲಿ ನಿಂತುಕೊಂಡು ಓದುವವರಿಗಾಗಿ ಎಂದಿನಂತೆ ಮಾತನ್ನು ಬರಹಕ್ಕಿಳಿಸಿದ್ದೇನೆ. ಇವತ್ತಿನ ವಿಷಯ ಸಿಟ್ಟು. ಅದರಲ್ಲೂ ಆಫೀಸಿನಲ್ಲಿ, ಇಂಗ್ಲಿಷ್‌ನಲ್ಲಿ ಹೇಳಬೇಕಾದ ಸಿಟ್ಟು.

ಸ್ಟ್ಯಾಂಡ್‌ಅಪ್‌ನಲ್ಲಿ ಏನು ಹೇಳಬೇಕು ನಮಗೆ ಗೊತ್ತು. ಕೋಡ್ ರಿವ್ಯೂ, ಎಸ್ಟಿಮೇಟ್, ಕ್ಲೈಂಟ್ ಡೆಮೋ, ಎಲ್ಲಾ ಇಂಗ್ಲಿಷ್‌ನಲ್ಲಿ ನಿಭಾಯಿಸ್ತೀವಿ. ಆದರೆ ಸಿಟ್ಟು ಬಂದಾಗ? ಶಾಲೆಯಲ್ಲಿ ನಮಗೆ ಕಲಿಸಿದ್ದು ರಜಾ ಅರ್ಜಿ, ಕ್ಷಮಾಪಣೆ ಪತ್ರ, 'ಯುವರ್ಸ್ ಒಬೀಡಿಯೆಂಟ್ಲಿ'. ಉಳಿದದ್ದು ಸಿನಿಮಾ, ವೆಬ್ ಸೀರೀಸ್ ನೋಡಿ ಕಲಿತದ್ದು, ಅಲ್ಲಿ ಬರೋದು ಬರೀ ಬೈಗುಳ. ಹಾಗಾಗಿ ನಮ್ಮ ಹತ್ತಿರ ಎರಡೇ ಗೇರ್ ಇವೆ. ಒಂದು 'ಓಕೆ, ನೋ ಪ್ರಾಬ್ಲಮ್'. ಇನ್ನೊಂದು ಸ್ಫೋಟ. ನಡುವೆ ಏನೂ ಇಲ್ಲ.

ನನಗೆ ಪರಿಚಯದ ಒಬ್ಬರ ವಿಷಯ ಹೇಳ್ತೀನಿ. ಉತ್ತರ ಕರ್ನಾಟಕದವರು, ಕೆಲಸದಲ್ಲಿ ಗಟ್ಟಿ. ತಿಂಗಳಲ್ಲಿ ಮೂರು ವೀಕೆಂಡ್ ಆನ್‌ಕಾಲ್ ಇವರ ಹೆಸರಿಗೇ ಬೀಳುತ್ತಿತ್ತು. ಪ್ರತಿಸಲ 'ಇಟ್ಸ್ ಫೈನ್' ಅಂದರು. ರಾತ್ರಿ ಒಂಬತ್ತೂವರೆಗೆ ನ್ಯೂಯಾರ್ಕ್ ಕಾಲ್, ಮುಗಿಸಿ ಮನೆಗೆ ಬಂದರೆ ಮಗಳು ರಿಮೋಟ್ ಬೀಳಿಸಿದ್ದಕ್ಕೂ ರೇಗಾಟ. ಕೊನೆಗೆ ಒಂದು ದಿನ ರಾಜೀನಾಮೆ ಕೊಟ್ಟರು. ಮ್ಯಾನೇಜರ್ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರಂತೆ: ನಿಮಗೆ ಇದು ಕಷ್ಟ ಆಗ್ತಿದೆ ಅಂತ ಒಂದು ಸಲನೂ ಹೇಳಲಿಲ್ಲವಲ್ಲ? ಆ ಮ್ಯಾನೇಜರ್ ಕೂಡ ಪೂರ್ತಿ ತಪ್ಪಲ್ಲ. ಅವರ ಕಿವಿಗೆ ಬಿದ್ದದ್ದು 'ಫೈನ್' ಒಂದೇ. ಹೇಳದ ಸಿಟ್ಟನ್ನು ಅನುಭವಿಸಿದ್ದು ಮನೆಯವರು.

ಭಾರ ಯಾಕೆ ತಿಳಿಯಲ್ಲ?

ಮಲಾಡ್‌ನಲ್ಲಿ ನಮ್ಮ ದಿನ ನಾಲ್ಕು ಭಾಷೆಗಳಲ್ಲಿ ಸಾಗುತ್ತೆ. ಮನೆಯಲ್ಲಿ ಕನ್ನಡ, ಸೊಸೈಟಿಯಲ್ಲಿ ಮರಾಠಿ, ರಿಕ್ಷಾದಲ್ಲಿ ಹಿಂದಿ, ಮೈಂಡ್‌ಸ್ಪೇಸ್ ಗೇಟು ದಾಟಿದರೆ ಇಂಗ್ಲಿಷ್. ಲೋಕಲ್‌ನಲ್ಲಿ ಯಾರೋ ತಳ್ಳಿದರೆ 'ಅರೇ ಭಾಯ್, ಧಕ್ಕಾ ಮತ್ ಮಾರೋ' ಅಂತ ಕೂಗ್ತೀವಿ. ಕಾಂದಿವಲಿ ಬರುವಷ್ಟರಲ್ಲಿ ಆ ಜಗಳ ಮುಗಿದಿರುತ್ತೆ. ಆಫೀಸಿನ ಸಿಟ್ಟು ಹಾಗಲ್ಲ. ಅದು ಇಮೇಲ್‌ನಲ್ಲಿ ಉಳಿಯುತ್ತೆ, ಅಪ್ರೈಸಲ್‌ನಲ್ಲಿ ಮತ್ತೆ ಎದ್ದು ಬರುತ್ತೆ.

ಕಷ್ಟ ಏನೆಂದರೆ, ಕಲಿತ ಭಾಷೆಯ ಸಿಟ್ಟಿನ ಪದಗಳ ಭಾರ ನಮಗೆ ಸರಿಯಾಗಿ ತಿಳಿಯೋದಿಲ್ಲ. ಇದರ ಬಗ್ಗೆ ಅಧ್ಯಯನ ನಡೆದಿದೆ. ಕ್ಯಾಥರಿನ್ ಹ್ಯಾರಿಸ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಟರ್ಕಿಶ್ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ಸೆನ್ಸರ್ ಹಾಕಿ, ಬೈಗುಳ ಮತ್ತು ಚಿಕ್ಕಂದಿನಲ್ಲಿ ಕೇಳುವ ಗದರಿಕೆಯ ಮಾತುಗಳನ್ನು ಎರಡೂ ಭಾಷೆಗಳಲ್ಲಿ ಕೇಳಿಸಿದರು. ಭಾವನೆ ಕಲಕಿದಾಗ ಚರ್ಮ ಸ್ವಲ್ಪ ಬೆವರುತ್ತದೆ, ಅದನ್ನು ಅಳೆಯಬಹುದು. ಗದರಿಕೆ ಟರ್ಕಿಶ್‌ನಲ್ಲಿ ಬಂದಾಗ ಮೈ ಹೆಚ್ಚು ಸ್ಪಂದಿಸಿತು. ಅದೇ ಮಾತು ಇಂಗ್ಲಿಷ್‌ನಲ್ಲಿ ಬಂದಾಗ ಅಷ್ಟಿರಲಿಲ್ಲ.

ನಮ್ಮ ಮೇಲೇ ಪರೀಕ್ಷೆ ಮಾಡಿ ನೋಡಿ. ಕನ್ನಡದಲ್ಲಿ 'ನಾಚಿಕೆ ಆಗಲ್ವಾ ನಿನಗೆ?' ಅಂತ ಯಾರಾದರೂ ಕೇಳಿದರೆ ಎದೆ ಚುರ್ ಅನ್ನುತ್ತೆ. 'ಶೇಮ್ ಆನ್ ಯೂ' ಅಂದರೆ ಅಷ್ಟು ನಾಟಲ್ಲ. ಅದಕ್ಕೇ 'ದಿಸ್ ಈಸ್ ರಿಡಿಕ್ಯುಲಸ್', 'ವಾಟ್ ನಾನ್‌ಸೆನ್ಸ್' ಅಂತ ನಾವು ಸಲೀಸಾಗಿ ಅಂದುಬಿಡ್ತೀವಿ. ಇಂಗ್ಲಿಷ್‌ನಲ್ಲೇ ಬೆಳೆದವರಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ. ಇನ್ನು ಅವರು ಮೆತ್ತಗೆ ಬೈದರೆ ಬೈದದ್ದೇ ನಮಗೆ ಗೊತ್ತಾಗಲ್ಲ. ಲಂಡನ್ ಕ್ಲೈಂಟ್ 'ಐ ಆ್ಯಮ್ ಎ ಬಿಟ್ ಡಿಸಪಾಯಿಂಟೆಡ್' ಅಂದರೆ ಅಲ್ಲಿ 'ಎ ಬಿಟ್' ಇರೋದು ಮರ್ಯಾದೆಗೆ. ನೀವು ಅದನ್ನು ಗಂಭೀರ ದೂರು ಅಂತಲೇ ತಗೊಳ್ಳಿ.

ಕನ್ನಡದಿಂದ ಜಾರಿ ಬರುವ ಮೂರು ತೊಡಕು

ಒಂದು, 'ಮೇಲೆ'. ನಾವು 'ನನ್ನ ಮೇಲೆ ಕೋಪ' ಅಂತೀವಿ, ಅದು ಹಾಗೇ ಜಾರಿ 'ಆಂಗ್ರಿ ಆನ್ ಮಿ' ಆಗುತ್ತೆ. ಇಂಗ್ಲಿಷ್‌ನಲ್ಲಿ ವ್ಯಕ್ತಿಯಾದರೆ 'ಆಂಗ್ರಿ ವಿತ್' ಅಥವಾ 'ಆಂಗ್ರಿ ಆ್ಯಟ್', ವಿಷಯವಾದರೆ 'ಆಂಗ್ರಿ ಅಬೌಟ್'. ಆಫೀಸಿನಲ್ಲಿ ಆದಷ್ಟು 'ಅಬೌಟ್' ಬಳಸಿ. ಸಿಟ್ಟು ಮನುಷ್ಯನನ್ನು ಬಿಟ್ಟು ವಿಷಯದ ಕಡೆ ತಿರುಗುತ್ತದೆ.

ಎರಡು, 'ಬೇಜಾರು'. ಈ ಒಂದು ಪದದೊಳಗೆ ಬೇಸರ, ನೋವು, ಸಿಟ್ಟು ಎಲ್ಲಾ ಇದೆ. ಇಂಗ್ಲಿಷ್‌ಗೆ ಬಂದಾಗ ನಾವು 'ಐ ಫೆಲ್ಟ್ ಬ್ಯಾಡ್' ಅಂತೀವಿ. ಕೇಳಿದವರು, ಪಾಪ, ಇವನಿಗೇ ಏನೋ ತಪ್ಪು ಮಾಡಿದೆ ಅನ್ನಿಸಿದೆ ಅಂದುಕೊಳ್ಳಬಹುದು. ನಿಮಗೆ ಬೇಕಾದ ಪದ 'ಅಪ್‌ಸೆಟ್'. 'ಐ ವಾಸ್ ಅಪ್‌ಸೆಟ್ ಅಬೌಟ್ ದ ಲಾಸ್ಟ್ ಮಿನಿಟ್ ಚೇಂಜ್' ಅಂದರೆ ನೋವು, ಸಿಟ್ಟು ಎರಡೂ ತಲುಪುತ್ತೆ.

ಮೂರು, ಕನ್ನಡದಲ್ಲಿ ಕೋಪ ನಮಗೆ 'ಬರುತ್ತದೆ'. ನೆಂಟರ ಹಾಗೆ ಬರುತ್ತೆ, ಹೋಗುತ್ತೆ. 'ನನಗೆ ಕೋಪ ಬಂತು' ಅನ್ನುವಾಗ ನಾನು ಬೇರೆ, ಕೋಪ ಬೇರೆ. ಇಂಗ್ಲಿಷ್‌ನಲ್ಲಿ 'ಐ ಆ್ಯಮ್ ಆಂಗ್ರಿ', ಅಂದರೆ ನಾನೇ ಸಿಟ್ಟಾಗಿಬಿಟ್ಟಿದ್ದೇನೆ. ಮಾತು ಇಂಗ್ಲಿಷ್‌ನಲ್ಲಿರಲಿ, ತಲೆಯೊಳಗೆ ಕನ್ನಡದ ಲೆಕ್ಕವೇ ಇರಲಿ. ಬಂದದ್ದು ಹೋಗುತ್ತೆ.

ಸಿಟ್ಟಿಗೂ ಲಾಗ್ ಲೆವೆಲ್ ಬೇಕು

ನಮ್ಮ ಕೆಲಸದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಎಲ್ಲವನ್ನೂ 'ಇನ್ಫೋ' ಅಂತ ಲಾಗ್ ಮಾಡಿದರೆ ಪ್ರೊಡಕ್ಷನ್ ಬಿದ್ದ ದಿನವೇ ವಿಷಯ ಗೊತ್ತಾಗೋದು. ಎಲ್ಲವನ್ನೂ 'ಫೇಟಲ್' ಅಂತ ಹಾಕಿದರೆ ಯಾರೂ ಲಾಗ್ ನೋಡೋದಿಲ್ಲ. ಸಿಟ್ಟಿನ ಪದಗಳನ್ನೂ ಮೆಟ್ಟಿಲಿನ ಹಾಗೆ ಜೋಡಿಸಿಕೊಳ್ಳಿ.

'ಕನ್ಸರ್ನ್ಡ್': ಇನ್ನೂ ಸಿಟ್ಟಿಲ್ಲ, ಆದರೆ ಇದು ಸರಿಹೋಗ್ತಿಲ್ಲ. ಇಮೇಲ್‌ಗೆ ಸುರಕ್ಷಿತ.
'ಅನಾಯ್ಡ್': ಕಿರಿಕಿರಿ. ಜೊತೆಯವರ ಹತ್ತಿರ ಬಾಯಿಮಾತಿಗೆ ಸಾಕು.
'ಫ್ರಸ್ಟ್ರೇಟೆಡ್': ಎಷ್ಟು ಒದ್ದಾಡಿದರೂ ದಾರಿ ಸಿಗ್ತಿಲ್ಲ. ಆಫೀಸಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪದ ಇದು. ಯಾರನ್ನೂ ದೂರದೆ ಪರಿಸ್ಥಿತಿ ಹೇಳುತ್ತೆ.
'ಅಪ್‌ಸೆಟ್': ಮನಸ್ಸು ಕದಡಿದೆ, ಇದರ ಬಗ್ಗೆ ಮಾತಾಡಲೇಬೇಕು.
'ಆಂಗ್ರಿ': ಸಿಟ್ಟು. ವರ್ಷಕ್ಕೆ ಒಂದೆರಡು ಸಲ ಹೇಳಿದರೆ ಇದಕ್ಕೆ ಬೆಲೆ.
'ಫ್ಯೂರಿಯಸ್': ಕೆಂಡಾಮಂಡಲ. ಈ ಮಟ್ಟದಲ್ಲಿ ಬಾಯಿ ತೆರೆಯಬೇಡಿ, ಮೊದಲು ಎದ್ದು ನೀರು ಕುಡಿದು ಬನ್ನಿ.

ಇನ್ನೊಂದು ಪದ 'ಮ್ಯಾಡ್'. ಅಮೆರಿಕದವರು 'ಐ ಆ್ಯಮ್ ಮ್ಯಾಡ್ ಆ್ಯಟ್ ಯೂ' ಅಂದರೆ ಸಿಟ್ಟು ಬಂದಿದೆ ಅಂತ ಅರ್ಥ. ಬ್ರಿಟಿಷ್ ಬಳಕೆಯಲ್ಲಿ 'ಹಿ ಈಸ್ ಮ್ಯಾಡ್' ಅಂದರೆ ಸಾಮಾನ್ಯವಾಗಿ ತಲೆಕೆಟ್ಟವನು ಅಂತ. ಕ್ಲೈಂಟ್ ಯಾವ ದೇಶದವರು ನೋಡಿಕೊಂಡು ಅರ್ಥ ಮಾಡಿಕೊಳ್ಳಿ.

ವಾಕ್ಯ ಕಟ್ಟೋದು

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್ 'ಐ ಮೆಸೇಜ್' ಅನ್ನುವ ವಿಧಾನ ಬಳಕೆಗೆ ತಂದರು. 1970ರಲ್ಲಿ ಅವರು ತಂದೆತಾಯಿಯರಿಗಾಗಿ ಬರೆದ ಪುಸ್ತಕದಿಂದ ಅದು ಮನೆಮಾತಾಯಿತು. ತತ್ವ ಸರಳ. 'ಯೂ' ಇಂದ ಶುರುವಾದ ವಾಕ್ಯ ಆರೋಪ ಆಗುತ್ತೆ, ಎದುರಿನವರು ವಾದಕ್ಕೆ ನಿಲ್ಲುತ್ತಾರೆ. 'ಐ' ಇಂದ ಶುರುವಾದದ್ದು ನಮ್ಮ ಸ್ಥಿತಿ ಹೇಳುತ್ತೆ.

'ಯೂ ಆಲ್ವೇಸ್ ಡಂಪ್ ವರ್ಕ್ ಆನ್ ಮಿ' ಅಂದರೆ ತಕ್ಷಣ ಬರುವ ಉತ್ತರ, 'ಆಲ್ವೇಸ್? ಹೋದ ವಾರ ಎಲ್ಲಿ ಕೊಟ್ಟೆ?' ಅಲ್ಲಿಗೆ ನಿಮ್ಮ ಮಾತು ದಾರಿ ತಪ್ಪಿತು. ಬದಲಿಗೆ ನಾಲ್ಕು ತುಂಡಾಗಿ ಹೇಳಿ: ಏನಾಯಿತು, ಅದರಿಂದ ಏನಾಯಿತು, ನನಗೆ ಏನನ್ನಿಸಿತು, ಮುಂದೆ ಏನು ಬೇಕು.

'ಐ ಹ್ಯಾವ್ ಬೀನ್ ಆನ್ ಕಾಲ್ ತ್ರೀ ವೀಕೆಂಡ್ಸ್ ದಿಸ್ ಮಂತ್. ಐ ಹ್ಯಾವ್ ಹ್ಯಾಡ್ ನೋ ಟೈಮ್ ವಿತ್ ಮೈ ಫ್ಯಾಮಿಲಿ. ಐ ಆ್ಯಮ್ ಫ್ರಸ್ಟ್ರೇಟೆಡ್ ಅಬೌಟ್ ಇಟ್. ಕ್ಯಾನ್ ವಿ ಫಿಕ್ಸ್ ದ ರೋಟಾ ಬೈ ಫ್ರೈಡೇ?'

ನಾಲ್ಕೇ ವಾಕ್ಯ. ಬೈಗುಳ ಇಲ್ಲ, ಗೋಗರೆಯೋದೂ ಇಲ್ಲ. ಕೊನೆಯಲ್ಲಿ ದಿನ ಇಟ್ಟಿರೋದು ನೋಡಿ, ದಿನ ಇಲ್ಲದ ಕೋರಿಕೆ ಬ್ಯಾಕ್‌ಲಾಗ್‌ಗೆ ಹೋಗುತ್ತೆ. ಒಂದು ಎಚ್ಚರಿಕೆ: 'ಐ ಫೀಲ್ ದಟ್ ಯೂ ಆರ್ ಕೇರ್‌ಲೆಸ್' ಅಂದರೆ ಅದು 'ಐ' ಹಾಕಿಕೊಂಡು ಬಂದ 'ಯೂ' ಅಷ್ಟೇ.

ಬಿಸಿ ಇಳಿಸೋದು

ಸಿಟ್ಟು ಬಂದಾಗ ದಿಂಬಿಗೆ ಗುದ್ದಿದರೆ ಹಗುರ ಆಗುತ್ತೆ ಅಂತ ಒಂದು ನಂಬಿಕೆ ಇದೆ. ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದು ಉಲ್ಟಾ ಆಯಿತು. ಸಿಟ್ಟು ಬರಿಸಿದವನನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು ಹೆಚ್ಚಾಗಿತ್ತು. ಏನೂ ಮಾಡದೆ ಕೂತವರೇ ಮೇಲು. ಕ್ಯಾಂಟೀನ್‌ನಲ್ಲಿ ಒಂದು ಗಂಟೆ ಮ್ಯಾನೇಜರ್‌ನ ಬೈಯೋದೂ ಗುದ್ದಿದ ಹಾಗೇ ಅಂತ ನನಗನ್ನಿಸುತ್ತೆ.

ಉಪಯೋಗಕ್ಕೆ ಬರೋದು ಹೆಸರಿಡೋದು. 2007ರಲ್ಲಿ ಮ್ಯಾಥ್ಯೂ ಲೀಬರ್ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಸಿಟ್ಟಿನ ಅಥವಾ ಭಯದ ಮುಖ ಕಂಡಾಗ ಆ ಭಾವನೆಗೆ ಸರಿಯಾದ ಪದ ಆರಿಸಿದರೆ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಕಡಿಮೆಯಾಗುತ್ತಿತ್ತು.

ಅದಕ್ಕೇ ನನ್ನ ಸಲಹೆ: ಮೊದಲು ಕನ್ನಡದಲ್ಲಿ ಬರೆಯಿರಿ. ನೋಟ್ಸ್ ಆ್ಯಪ್‌ನಲ್ಲಿ, ಇಮೇಲ್‌ನಲ್ಲಿ ಬೇಡ. ಬಂದದ್ದು ಕಿರಿಕಿರಿಯೋ, ಅವಮಾನವೋ, ಹೊಟ್ಟೆಕಿಚ್ಚೋ, ಸುಸ್ತೋ ಅಂತ ಹೆಸರಿಡಿ. ಭಾರ ಗೊತ್ತಿರುವ ಭಾಷೆಯಲ್ಲಿ ತೂಗಿದ ಮೇಲೆ ಮೆಟ್ಟಿಲಿನಿಂದ ಇಂಗ್ಲಿಷ್ ಪದ ಆರಿಸಿ. ಇಮೇಲ್ ಬರೆದರೆ 'ಟು' ಖಾಲಿ ಇರಲಿ, ಬೆಳಿಗ್ಗೆ ಓದಿ ಕಳಿಸಿ. ಕಾಲ್ ನಡುವೆಯೇ ಸಿಟ್ಟು ಏರಿದರೆ ಈ ಎರಡು ವಾಕ್ಯ ಬಾಯಿಪಾಠ ಇರಲಿ: 'ಐ ನೀಡ್ ಸಮ್ ಟೈಮ್ ಟು ಥಿಂಕ್ ಅಬೌಟ್ ದಿಸ್. ಐ ವಿಲ್ ಗೆಟ್ ಬ್ಯಾಕ್ ಟು ಯೂ ಟುಮಾರೋ.' ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಅಂತ ನಮ್ಮ ಹಿರಿಯರು ಹೇಳೋದು ಇದಕ್ಕೇ.

ಇಷ್ಟೆಲ್ಲಾ ಹೇಳಿದ ಮೇಲೂ ಕೆಲವು ಸಿಟ್ಟು ನ್ಯಾಯವಾದದ್ದು, ಅದನ್ನು ತಣ್ಣಗೆ ಮಾಡಬೇಕಾಗಿಲ್ಲ. ಎಲ್ಲರೆದುರು ಅವಮಾನ, ಭಾಷೆ ಹಿಡಿದು ಹಂಗಿಸೋದು ಮತ್ತೆ ಮತ್ತೆ ನಡೆದರೆ ತಾರೀಖು ಸಮೇತ ಬರೆದಿಟ್ಟುಕೊಂಡು ಎಚ್‌ಆರ್‌ಗೆ ಲಿಖಿತವಾಗಿ ಕೊಡಿ. ಲೈಂಗಿಕ ಕಿರುಕುಳವಾದರೆ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಹೆಣ್ಣುಮಕ್ಕಳು ಅಲ್ಲಿಗೇ ದೂರು ಕೊಡಬಹುದು. ಸಿಟ್ಟು ಮನೆಗೆ ಬಂದು ಹೆಂಡತಿ, ಗಂಡ, ಮಕ್ಕಳ ಮೇಲೆ ಬೀಳ್ತಾ ಇದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ವಾರ ಒಂದೇ ಕೆಲಸ ಮಾಡಿ. ನೀವು 'ಇಟ್ಸ್ ಫೈನ್' ಅಂತ ಹೇಳಿ ಫೈನ್ ಅಲ್ಲದ ಒಂದು ವಿಷಯ ಆರಿಸಿ, ಮೇಲೆ ಹೇಳಿದ ನಾಲ್ಕು ತುಂಡಿನ ವಾಕ್ಯ ಬರೆದು, ಮನೆಯಲ್ಲಿ ಬಾಯಿಬಿಟ್ಟು ಐದು ಸಲ ಹೇಳಿ. ಆಮೇಲೆ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಟೈಮ್ ಕೇಳಿ. ಮುಂದಿನ ವಿಡಿಯೋದಲ್ಲಿ ಇಂಗ್ಲಿಷ್‌ನಲ್ಲಿ 'ಇಲ್ಲ' ಅನ್ನೋದು ಹೇಗೆ ಅಂತ ನೋಡೋಣ. ಬರ್ತೀನಿ, ನಮಸ್ಕಾರ.